ಪೀಟರ್ಸ್‌ಬರ್ಗಿನಲ್ಲಿ ರಸ್ಕೋಲ್ನಿಕೋವ್ ಓಡಾಡಿದ ಬೀದಿಗಳು: ಯಾರಾದರೂ ನಡೆದು ನೋಡಿದ್ದೀರಾ?

ಸಾಗರದ ಟೀಚರ್ (ಮೇ 18)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು, ಈಗ ರಿಟೈರ್ ಆಗಿದ್ದೇನೆ. ಮಗಳು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಜೂನ್ ಕೊನೆಗೆ ಅವಳ ಪರೀಕ್ಷೆ ಮುಗಿಯುತ್ತದೆ. ಆಗ ಹತ್ತು ದಿನ ಅವಳ ಹತ್ತಿರ ಹೋಗಿ ಇರುತ್ತೇನೆ. ಟಿಕೆಟ್ ಆಗಿದೆ.

ಅವಳು ಅರಮನೆ, ಮ್ಯೂಸಿಯಂ, ಕಾರಂಜಿ ಅಂತ ದೊಡ್ಡ ಪಟ್ಟಿ ಮಾಡಿ ಇಟ್ಟುಕೊಂಡಿದ್ದಾಳೆ. ಎಲ್ಲ ನೋಡೋಣ ಅಂದೆ. ಆದರೆ ನನ್ನ ಮನಸ್ಸು ಇರುವುದು ಬೇರೆ ಕಡೆ. ದಾಸ್ತೋವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ'ಯನ್ನು ನಾನು ಮೊದಲ ಸಲ ಬಿ.ಎ. ಓದುವಾಗ ಇಂಗ್ಲಿಷಿನಲ್ಲಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಒಂದು ಮಳೆಗಾಲ ಪೂರ್ತಿ ಓದಿದ್ದೆ. ಆಚೆ ಸಾಗರದ ಜಡಿಮಳೆ, ಪುಸ್ತಕದೊಳಗೆ ಜುಲೈ ತಿಂಗಳ ಸೆಕೆ. ಬಟ್ಟೆ ಒಣಗದೆ ಮುಗ್ಗಲು ವಾಸನೆ ಬರುವ ಕೋಣೆಯಲ್ಲಿ ಕೂತು ಆ ಧೂಳು, ಸುಣ್ಣ, ಇಟ್ಟಿಗೆ, ಹೆಂಡದಂಗಡಿ ಬಗ್ಗೆ ಓದಿದ್ದು ಇವತ್ತಿಗೂ ಹಾಗೇ ಇದೆ. ಆಮೇಲೆ ಕನ್ನಡದಲ್ಲಿ ಎರಡು ಸಲ ಓದಿದೆ. ಯಾವ ಊರಿನ ನಕ್ಷೆಯೂ ನನ್ನ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿಲ್ಲ. ಆದರೆ ಅದು ನಾನೇ ಕಟ್ಟಿಕೊಂಡ ನಕ್ಷೆ ಅಲ್ವಾ.

ಹೋದವರು ಯಾರಾದರೂ ಇದ್ದರೆ ಹೇಳಿ. ಆ ಬೀದಿಗಳು ಈಗಲೂ ಇವೆಯಾ? ಕಾದಂಬರಿಯ ನಾಯಕ ರಸ್ಕೋಲ್ನಿಕೋವ್ ಇದ್ದ ಅಟ್ಟ, ಅವನು ಕೊಂದ ಗಿರವಿ ಮುದುಕಿಯ ಮನೆ, ತಪ್ಪೊಪ್ಪಿಕೋ ಅಂತ ಅವನಿಗೆ ಹೇಳಿದ ಸೋನ್ಯಾ ಮನೆ ಇವನ್ನೆಲ್ಲ ಗುರುತಿಸಿದ್ದಾರಂತೆ, ನಿಜವಾ? ಅವನ ಮನೆ ಗೇಟಿನಿಂದ ಮುದುಕಿ ಮನೆಗೆ ಸರಿಯಾಗಿ 730 ಹೆಜ್ಜೆ ಅಂತ ಕಾದಂಬರಿಯಲ್ಲಿದೆ. ಎಣಿಸಿ ನೋಡಿದವರು ಇದ್ದೀರಾ? ನನಗೆ ಮಂಡಿ ನೋವಿದೆ. ನಿಧಾನಕ್ಕೆ ಒಂದು ಗಂಟೆ ನಡೆಯಬಲ್ಲೆ, ಮೆಟ್ಟಿಲು ಕಷ್ಟ.

ನೆವಾ ದಡದಿಂದ (ಮೇ 18)

ಟೀಚರ್, ನಾನೂ ಇಲ್ಲೇ ಓದುತ್ತಿರುವುದು, ಮೂರನೇ ವರ್ಷ, ಊರು ಕಲಬುರಗಿ. ಕಾದಂಬರಿ ಓದಿಲ್ಲ. ಉಪಯೋಗಕ್ಕೆ ಬರುವ ನಾಲ್ಕು ಮಾತು ಮಾತ್ರ ಹೇಳುತ್ತೇನೆ.

ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್ ಇಲ್ಲಿ ನಡೆಯುವುದಿಲ್ಲ. 2022ರಿಂದ ನಿಂತುಹೋಗಿದೆ. ಡಾಲರ್ ನೋಟು ತನ್ನಿ, ಹರಿದದ್ದು, ಗೀಚಿದ್ದು ಬೇಡ. ಇಲ್ಲಿ ಬದಲಾಯಿಸಿಕೊಳ್ಳಬಹುದು.

ನೀವು ಹೇಳುವ ಜಾಗಕ್ಕೆ ಇಳಿಯಬೇಕಾದ ಮೆಟ್ರೋ ಸ್ಟೇಷನ್ ಸೆನ್ನಾಯಾ ಪ್ಲೋಷದ್. ಪಕ್ಕದಲ್ಲೇ ಸದೋವಯಾ, ಸ್ಪಾಸ್ಕಯಾ ಅಂತ ಇನ್ನೆರಡು ಇವೆ, ಮೂರೂ ನೆಲದಡಿಯಲ್ಲಿ ಕೂಡುತ್ತವೆ. ಎಸ್ಕಲೇಟರ್ ಬಹಳ ಉದ್ದ, ಪಕ್ಕದ ಹಿಡಿಪಟ್ಟಿ ಹಿಡಿದುಕೊಳ್ಳಿ. ಮಂಡಿಗೇನೂ ತೊಂದರೆ ಆಗುವುದಿಲ್ಲ.

ಜೂನ್ ಕೊನೆಯಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ. ಅದನ್ನು ನಂಬಿಕೊಂಡು ಹೊತ್ತು ಮರೆತುಬಿಡುತ್ತೇವೆ. ನಡುರಾತ್ರಿ ದಾಟಿದ ಮೇಲೆ ಹಡಗು ಹೋಗಲಿ ಅಂತ ನೆವಾ ನದಿಯ ಸೇತುವೆಗಳನ್ನು ಮೇಲಕ್ಕೆ ಎತ್ತುತ್ತಾರೆ. ಮಗಳ ಹಾಸ್ಟೆಲ್ ಆಚೆ ದಡದಲ್ಲಿದ್ದರೆ ಬೆಳಗಿನ ಜಾವದವರೆಗೆ ಈಚೆಯೇ ಕಾಯಬೇಕಾಗುತ್ತದೆ.

ಲೈನ್ ಬಜಾರ್ (ಮೇ 20)

ಮೇಡಂ, ನಿಮ್ಮ ಪ್ರಶ್ನೆ ನೋಡಿ ಬಹಳ ಸಂತೋಷ ಆಯಿತು. ನಾನು ಧಾರವಾಡದವನು. ಕೆಲಸದ ಮೇಲೆ ಎರಡು ವರ್ಷ ಪೀಟರ್ಸ್‌ಬರ್ಗಿನಲ್ಲಿದ್ದೆ, ಸದೋವಯಾ ಬೀದಿಯ ಹತ್ತಿರವೇ ಒಂದು ಕೋಣೆ ಹಿಡಿದಿದ್ದೆ. ಸಂಜೆ ತರಕಾರಿ ತರಲು ಹೋಗುತ್ತಿದ್ದುದೇ ಸೆನ್ನಾಯಾಕ್ಕೆ. ಹಾಗಾಗಿ ಈ ಬೀದಿಗಳನ್ನು ಪ್ರವಾಸಿಯಾಗಿ ಒಂದು ಸಲ ನೋಡಿದ್ದಲ್ಲ, ನೂರಾರು ಸಲ ನಡೆದಿದ್ದೇನೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲ ಮಾತು. ಕಾದಂಬರಿ ಓದಿದಾಗ ನನಗೆ ಆ ಊರು ಬಹಳ ದೊಡ್ಡದು ಅನಿಸಿತ್ತು. ಜ್ವರ ಬಂದವನ ಹಾಗೆ ಅವನು ನಡೆಯುತ್ತಲೇ ಇರುತ್ತಾನೆ, ಬೀದಿ ಮುಗಿಯುವುದೇ ಇಲ್ಲ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಮುಖ್ಯವಾದದ್ದೆಲ್ಲ ನಡೆಯುವುದು ಹೆಚ್ಚುಕಮ್ಮಿ ಒಂದೇ ಕೇರಿಯಲ್ಲಿ. ನಮ್ಮ ಲೈನ್ ಬಜಾರಿನಿಂದ ಸುಭಾಸ ರಸ್ತೆಗೆ ಬಂದ ಹಾಗೆ, ಅಷ್ಟೇ. ಅವನ ಅಟ್ಟ, ಸೋನ್ಯಾ ಮನೆ, ಮುದುಕಿ ಮನೆ, ಪೊಲೀಸ್ ಠಾಣೆ, ಮಣ್ಣಿಗೆ ಮುತ್ತಿಟ್ಟ ಚೌಕ, ಎಲ್ಲ ಹತ್ತು ಹದಿನೈದು ನಿಮಿಷದ ದಾರಿ. ಠಾಣೆ ಅವನ ಮನೆಯಿಂದ ಕಾಲು ವೆರ್ಸ್ಟ್ ದೂರ ಅಂತ ಕಾದಂಬರಿಯಲ್ಲೇ ಇದೆ. ನಮ್ಮ ಲೆಕ್ಕದಲ್ಲಿ ಮುನ್ನೂರು ಮೀಟರಿಗೂ ಕಮ್ಮಿ. ಕೊಲೆ ಮಾಡಿದವನು ದಿನಾ ಏಳು ಎಂಟು ಬೀದಿಗಳಲ್ಲೇ ಸುತ್ತುತ್ತಾನೆ, ಎಲ್ಲಿ ತಿರುಗಿದರೂ ಆ ಮನೆ ಹತ್ತಿರದಲ್ಲೇ ಇರುತ್ತದೆ. ಅವನಿಗೆ ಉಸಿರು ಕಟ್ಟುವುದು ಯಾಕೆ ಅಂತ ನನಗೆ ಅರ್ಥವಾಗಿದ್ದು ಅಲ್ಲಿ ನಡೆದ ಮೇಲೆ. ಇದೊಂದು ಮನಸ್ಸಿನಲ್ಲಿಟ್ಟುಕೊಂಡು ನಡೆದರೆ ಮಿಕ್ಕಿದ್ದು ತಾನಾಗಿ ಕಾಣುತ್ತದೆ.

ಈಗ ದಾರಿ. ಮೆಟ್ರೋ ಹತ್ತಿ ಹೊರಗೆ ಬಂದರೆ ಸೆನ್ನಾಯಾ ಚೌಕ. ಸೆನೊ ಅಂದರೆ ಒಣಹುಲ್ಲು. ಹಿಂದೆ ಹುಲ್ಲು, ಸೌದೆ, ದನಕರು ಮಾರುತ್ತಿದ್ದ ಸಂತೆ. ಈಗ ಮೊಬೈಲ್ ಅಂಗಡಿ, ಮಾಲ್, ತಿಂಡಿ ಗೂಡಂಗಡಿ. ನೋಡಿದ ಕೂಡಲೇ ನಿರಾಸೆ ಆಗಬಹುದು. ಅಲ್ಲೊಂದು ದೊಡ್ಡ ಚರ್ಚ್ ಇತ್ತು, 1961ರಲ್ಲಿ ಉರುಳಿಸಿ ಆ ಜಾಗದಲ್ಲೇ ಮೆಟ್ರೋ ಬಾಗಿಲು ಕಟ್ಟಿದರು. ಸೋನ್ಯಾ ಹೇಳಿದಂತೆ ರಸ್ಕೋಲ್ನಿಕೋವ್ ಮೊಣಕಾಲೂರಿ ನೆಲಕ್ಕೆ ಮುತ್ತಿಡುವುದು ಈ ಚೌಕದ ನಡುವೆ. ಸುತ್ತಲಿನ ಜನ ಕುಡಿದಿದ್ದಾನೆ ಅಂತ ನಗುತ್ತಾರೆ, ನೆನಪಿದೆಯಲ್ಲ. 'ನಾನು ಕೊಂದೆ' ಅಂತ ಬಾಯಿಗೆ ಬಂದ ಮಾತು ಅಲ್ಲೇ ಸತ್ತುಹೋಗುತ್ತದೆ. ಸಂಜೆ ಆರರ ಹೊತ್ತಿಗೆ ಆ ನೂಕುನುಗ್ಗಲಿನಲ್ಲಿ ಸುಮ್ನೆ ಐದು ನಿಮಿಷ ನಿಂತು ನೋಡಿ. ಇಷ್ಟು ಜನರ ನಡುವೆ ಒಬ್ಬ ಮಂಡಿಯೂರುವುದು ಎಷ್ಟು ಕಷ್ಟ ಅಂತ ತಿಳಿಯುತ್ತದೆ.

ಚೌಕದಲ್ಲೇ ಕಂಬಗಳಿರುವ ಒಂದು ಚಿಕ್ಕ ಹಳೇ ಕಟ್ಟಡ ಇದೆ. ಹಿಂದೆ ಅದು ಸೈನಿಕರ ಕಾವಲು ಠಾಣೆ. 1874ರಲ್ಲಿ ದಾಸ್ತೋವ್‌ಸ್ಕಿಯನ್ನೇ ಎರಡು ದಿನ ಅಲ್ಲಿ ಕೂಡಿಹಾಕಿದ್ದರು. ಅವರು ಸಂಪಾದಕರಾಗಿದ್ದ ಪತ್ರಿಕೆಯಲ್ಲಿ ಚಕ್ರವರ್ತಿಯ ಮಾತನ್ನು ಅನುಮತಿಯಿಲ್ಲದೆ ಅಚ್ಚು ಹಾಕಿದ ತಪ್ಪಿಗೆ. ತನ್ನ ನಾಯಕನನ್ನು ಮಂಡಿಯೂರಿಸಿದ ಚೌಕಕ್ಕೇ ಎಂಟು ವರ್ಷ ಆದಮೇಲೆ ಬರೆದವರೂ ಕೈದಿಯಾಗಿ ಬಂದರು. ಆ ಕಟ್ಟಡದ ಮುಂದೆ ಹಾದುಹೋಗುವಾಗೆಲ್ಲ ನನಗೆ ಇದು ನೆನಪಾಗುತ್ತಿತ್ತು.

ಅಲ್ಲಿಂದ ಸದೋವಯಾ ಬೀದಿ ದಾಟಿ ಕೊಕುಶ್ಕಿನ್ ಓಣಿಗೆ ಬನ್ನಿ. ಎರಡು ನಿಮಿಷಕ್ಕೆ ಕಾಲುವೆ ಸಿಗುತ್ತದೆ. ಈಗ ಇದು ಗ್ರಿಬೊಯೆದೊವ್ ಕಾಲುವೆ, ಆಗ ಎಕತೆರೀನಾ ಕಾಲುವೆ. ಅದರ ಮೇಲಿನ ಚಿಕ್ಕ ಸೇತುವೆಯೇ ಕೊಕುಶ್ಕಿನ್. ಕಾದಂಬರಿಯ ಮೊದಲ ವಾಕ್ಯದಲ್ಲಿ 'ಕೆ ಸೇತುವೆ' ಅಂತ ಬರುವುದು ಇದೇ. ಸೇತುವೆ ದಾಟಿದರೆ ಎದುರಿಗಿರುವುದು ಸ್ತೋಲ್ಯಾರ್ನಿ ಓಣಿ, ಅಂದರೆ ಬಡಗಿಗಳ ಓಣಿ. ಅದೇ 'ಎಸ್ ಓಣಿ'. ತೀರಾ ಚಿಕ್ಕ ಓಣಿ. 1865ರ ಒಂದು ಪತ್ರಿಕೆ ಬರೆದಂತೆ ಆಗ ಈ ಓಣಿಯಲ್ಲಿ ಇದ್ದದ್ದು 16 ಮನೆ, ಹೆಂಡದಂಗಡಿ 18!

ಈ ಓಣಿಯಲ್ಲಿ ನಡೆದರೆ ಮೊದಲು ಅಡ್ಡ ಸಿಗುವ ಬೀದಿ ಕಜ್ನಚೆಯ್‌ಸ್ಕಯಾ. ಮೂಲೆಯಲ್ಲಿ 7ನೇ ನಂಬರಿನ ಮನೆ. ಇಲ್ಲಿ ನಿಲ್ಲಿ. ದಾಸ್ತೋವ್‌ಸ್ಕಿ 1864ರಿಂದ 1867ರವರೆಗೆ ಬಾಡಿಗೆಗಿದ್ದು ಈ ಕಾದಂಬರಿ ಬರೆದ ಮನೆ ಇದೇ. 1866ರ ಅಕ್ಟೋಬರಿನಲ್ಲಿ ಶಾರ್ಟ್‌ಹ್ಯಾಂಡ್ ಬರೆದುಕೊಳ್ಳಲು ಅನ್ನಾ ಎಂಬ ಇಪ್ಪತ್ತು ವರ್ಷದ ಹುಡುಗಿ ಮೊದಲ ಸಲ ಬಂದದ್ದೂ ಇಲ್ಲಿಗೇ. ಸಾಲದ ಒಪ್ಪಂದಕ್ಕೆ ಸಿಕ್ಕಿದ್ದ ಇನ್ನೊಂದು ಕಾದಂಬರಿಯನ್ನು 26 ದಿನದಲ್ಲಿ ಅವಳಿಗೆ ಹೇಳಿ ಬರೆಸಿದರು. ಮುಂದಿನ ಫೆಬ್ರವರಿಯಲ್ಲಿ ಇಬ್ಬರಿಗೂ ಮದುವೆ ಆಯಿತು. ಚಿಕ್ಕ ಚಿಕ್ಕ ಮನೆಗಳು ತುಂಬಿದ ಆ ದೊಡ್ಡ ಕಟ್ಟಡ ನೋಡಿದ ತಕ್ಷಣ ರಸ್ಕೋಲ್ನಿಕೋವನ ಮನೆ ನೆನಪಾಯಿತು ಅಂತ ಅನ್ನಾ ಬರೆದಿದ್ದಾರೆ.

ಮುಂದಿನ ಅಡ್ಡ ಬೀದಿ ಗ್ರಜ್ದಾನ್‌ಸ್ಕಯಾ. ಅದರ ಮೂಲೆಯಲ್ಲಿ 19ನೇ ನಂಬರ್. ರಸ್ಕೋಲ್ನಿಕೋವನ ಮನೆ ಅಂತ ತೋರಿಸುವುದು ಇದನ್ನು. ಬರೆದವರ ಮನೆಗೂ ನಾಯಕನ ಮನೆಗೂ ನಡುವೆ ಬರೀ ಒಂದು ಬೀದಿ. ಮೂಲೆಗೆ 1999ರಲ್ಲಿ ದಾಸ್ತೋವ್‌ಸ್ಕಿಯ ಒಂದು ಕಲ್ಲಿನ ಉಬ್ಬುಶಿಲ್ಪ ಕೂರಿಸಿದ್ದಾರೆ. ಅಟ್ಟಕ್ಕೆ ಹತ್ತುವ ಕೊನೆಯ ಮೆಟ್ಟಿಲುಗಳು 13, ಕಾದಂಬರಿಯಲ್ಲೂ 13. ಆದರೆ ಗೇಟಿಗೆ ಬೀಗ. ನಂಬರ್ ಒತ್ತಿದರೆ ಮಾತ್ರ ತೆಗೆಯುತ್ತದೆ. ಹೇಗೂ ನಿಮಗೆ ಮೆಟ್ಟಿಲು ಕಷ್ಟ ಅಂದಿರಿ, ಹೊರಗಿನಿಂದಲೇ ತಲೆ ಎತ್ತಿ ನೋಡಿ. ಸೂರಿಗೆ ಅಂಟಿಕೊಂಡ ಆ ಪುಟ್ಟ ಕಿಟಕಿ ಕಂಡರೆ, ಆರು ಹೆಜ್ಜೆ ಉದ್ದದ ಕೋಣೆ, ತಾಯಿ ಬಂದು ನೋಡಿ ಶವಪೆಟ್ಟಿಗೆ ಇದ್ದ ಹಾಗಿದೆ ಅಂದ ಕೋಣೆ, ಕಣ್ಣ ಮುಂದೆ ಬರುತ್ತದೆ.

ಮತ್ತೆ ಕಾಲುವೆಗೆ ವಾಪಸ್ ಬಂದು ದಂಡೆ ಹಿಡಿದು ನಡೆದರೆ 73ನೇ ನಂಬರಿನಲ್ಲಿ ಒಂದು ಮನೆ. ಸೋನ್ಯಾ ಮನೆ ಅಂತ ಸಾಮಾನ್ಯವಾಗಿ ತೋರಿಸುವುದು ಇದನ್ನು. ಕಾಲುವೆ ಅಲ್ಲಿ ಬಾಗುತ್ತದೆ, ಬೀದಿ ಓರೆಯಾಗಿ ಬಂದು ಸೇರುತ್ತದೆ. ಹಾಗಾಗಿ ಕಟ್ಟಡದ ಮೂಲೆಯೇ ಮೊಂಡು. ಸೋನ್ಯಾ ಕೋಣೆಯ ಒಂದು ಮೂಲೆ ತೀರಾ ಚೂಪು, ಇನ್ನೊಂದು ತೀರಾ ಅಗಲ ಅಂತ ಓದುವಾಗ ಅದೊಂದು ವಿಚಿತ್ರ ಕಲ್ಪನೆ ಅಂದುಕೊಂಡಿದ್ದೆ. ಅಲ್ಲಿ ನಿಂತರೆ ಕಲ್ಪನೆ ಅನಿಸುವುದಿಲ್ಲ. ಕಾಲುವೆ ಹೀಗೆ ಬಳಸಿ ಹರಿದರೆ ಒಳಗೆ ಕೋಣೆ ಹಾಗೇ ಆಗಬೇಕು.

ಇನ್ನು 730 ಹೆಜ್ಜೆ. ವೊಜ್ನೆಸೆನ್‌ಸ್ಕಿ ಸೇತುವೆ ದಾಟಿ ಆಚೆ ದಂಡೆಯಲ್ಲಿ ಮುಂದೆ ಹೋದರೆ 104ನೇ ನಂಬರ್, ಅದೇ ಗಿರವಿ ಮುದುಕಿ ಅಲ್ಯೋನಾ ಇವಾನೊವ್ನಾ ಮನೆ. ನನ್ನ ಎಣಿಕೆಗೆ ಯಾವ ದಾರಿಯಲ್ಲೂ ಸಾವಿರಕ್ಕೆ ಕಮ್ಮಿ ಬರಲಿಲ್ಲ. ನಾನು ಗಿಡ್ಡ, ಅವನು ಸಾಮಾನ್ಯರಿಗಿಂತ ಎತ್ತರ. ಜೊತೆಗೆ ಹೆಜ್ಜೆ ಎಲ್ಲಿಂದ ಎಲ್ಲಿಗೆ ಎಣಿಸಿದ ಅನ್ನುವುದೂ ಇದೆ. ನೀವೂ ಎಣಿಸಿ. ಎಣಿಸುತ್ತಾ ನಡೆದರೆ ಅಕ್ಕಪಕ್ಕದ್ದು ಏನೂ ಕಾಣುವುದಿಲ್ಲ, ತಲೆಯಲ್ಲಿ ಸಂಖ್ಯೆ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಅವನ ಸ್ಥಿತಿಯೂ ಹಾಗೇ ಇತ್ತೋ ಏನೋ.

ಆ ಮನೆಗೆ ಎರಡು ಗೇಟು. ಒಂದು ಕಾಲುವೆ ಕಡೆಗೆ, ಇನ್ನೊಂದು ಹಿಂದಿನ ಸ್ರೆದ್ನ್ಯಾಯಾ ಪೊದ್ಯಾಚೆಸ್ಕಯಾ ಬೀದಿಗೆ. ಒಳಗೆ ಅಂಗಳ. ಇಲ್ಲಿಯವರು ಬಾವಿ ಅಂಗಳ ಅನ್ನುತ್ತಾರೆ. ನಮ್ಮ ತೊಟ್ಟಿ ಮನೆಯನ್ನು ಐದು ಮಹಡಿ ಎತ್ತರಿಸಿ, ತೊಟ್ಟಿಗೆ ಬಿಸಿಲು ಬೀಳದ ಹಾಗೆ ಮಾಡಿದರೆ ಹೇಗಿರುತ್ತೋ ಹಾಗೆ. ಒಂದು ಸಲ ಗೇಟು ತೆರೆದಿದ್ದಾಗ ಬಾಗಿಲ ಕಮಾನಿನ ಕೆಳಗೆ ನಿಂತಿದ್ದೆ. ಮೇಲೆಲ್ಲೋ ಯಾರೋ ಪಾತ್ರೆ ಕೆಳಗಿಟ್ಟರು. ಆ ಸದ್ದು ನಾಲ್ಕು ಗೋಡೆಗೂ ಬಡಿದು ನನ್ನ ಕಿವಿಯ ಪಕ್ಕಕ್ಕೆ ಬಂತು. ಮುದುಕಿಯ ಬಾಗಿಲ ಗಂಟೆ ತಗಡಿನ ಹಾಗೆ ಸದ್ದು ಮಾಡುತ್ತಿತ್ತು ಅಂತ ಬರುತ್ತದಲ್ಲ, ಇಂಥ ಅಂಗಳದಲ್ಲಿ ಅದು ಯಾರಿಗೆ ಕೇಳಿಸದೆ ಇದ್ದೀತು ಅನಿಸಿತು.

ಒಂದು ಸಣ್ಣ ವಿಷಯ. ರಷ್ಯಾದಲ್ಲಿ ನೆಲದ ಅಂತಸ್ತೇ ಒಂದನೇ ಮಹಡಿ. ಮುದುಕಿ ಇದ್ದದ್ದು ನಾಲ್ಕನೇ ಮಹಡಿ ಅಂದರೆ ನಮ್ಮ ಲೆಕ್ಕದಲ್ಲಿ ಮೂರನೆಯದು. ಅಂಗಳದಲ್ಲಿ ನಿಂತು ಕಿಟಕಿ ಹುಡುಕುವಾಗ ಇದು ನೆನಪಿರಲಿ.

ಓದುಗ ಮಾತ್ರ (ಮೇ 21)

ಲೈನ್ ಬಜಾರ್ ಅವರೇ, ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೂ ನನಗೆ ಒಂದು ತಕರಾರು ಇದೆ. ಈ ಮನೆ ನಂಬರುಗಳನ್ನು ದಾಸ್ತೋವ್‌ಸ್ಕಿ ಬರೆದಿಲ್ಲ. ಬೀದಿಯ ಹೆಸರನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿಬಿಟ್ಟಿದ್ದಾರೆ. ಬೇಕೆಂದೇ ಮುಚ್ಚಿಟ್ಟಿದ್ದನ್ನು ನಾವು ಯಾಕೆ ಹುಡುಕಬೇಕು? ಮುಂದಿನ ಸಲ ಓದುವಾಗ ಟೀಚರ್ ಅವರಿಗೆ ಕಾಣುವುದು ಅವರ ಅಟ್ಟ ಅಲ್ಲ, 19ನೇ ನಂಬರಿನ ಗೇಟು. ನಲವತ್ತು ವರ್ಷ ತಲೆಯಲ್ಲಿದ್ದ ಊರು ಒಂದು ಸಂಜೆಯಲ್ಲಿ ಅಳಿಸಿಹೋದರೆ ನಷ್ಟ ಅಲ್ವಾ?

ಇನ್ನೊಂದು. ಆ ಅಂಗಳಗಳಲ್ಲಿ ಜನ ವಾಸ ಇದ್ದಾರೆ. ದಿನಾ ಯಾರೋ ಬಂದು ಕೊಲೆ ಎಲ್ಲಿ ಆಯಿತು ಅಂತ ಕೇಳುತ್ತಿದ್ದರೆ ಆ ಮನೆಯವರಿಗೆ ಹೇಗನಿಸಬೇಡ?

ಲೈನ್ ಬಜಾರ್ (ಮೇ 21)

ಎರಡನೇ ಮಾತು ಪೂರ್ತಿ ಒಪ್ಪುತ್ತೇನೆ. ಗೇಟು ತೆರೆದಿದೆ ಅಂತ ಯಾರೂ ಒಳಗೆ ನುಗ್ಗಬಾರದು. ಮೆಟ್ಟಿಲ ಗೋಡೆಗಳ ಮೇಲೆ ಹಿಂದೆ ಓದುಗರು ಏನೇನೋ ಗೀಚಿದ್ದರಿಂದಲೇ ಅಲ್ಲಿನವರಿಗೆ ರೋಸಿಹೋಗಿದೆ. ಮೇಡಂ, ಕಮಾನಿನ ಕೆಳಗೆ ನಿಂತೆ ಅಂದೆನಲ್ಲ, ನಾನು ಅದನ್ನೂ ಮಾಡಬಾರದಿತ್ತು.

ಮೊದಲ ಮಾತನ್ನು ಒಪ್ಪಲಾರೆ. ಮುಚ್ಚಿಟ್ಟಿದ್ದು ನಿಜ, ಆದರೆ ಆ ಊರಿನವರಿಗೆ ಒಂದಕ್ಷರ ಸಾಕಿತ್ತು. 1866ರಲ್ಲಿ ಇದು ಮಾಸ್ಕೋದ ಒಂದು ಪತ್ರಿಕೆಯಲ್ಲಿ ತಿಂಗಳು ತಿಂಗಳು ಬರುತ್ತಿದ್ದಾಗ ಪೀಟರ್ಸ್‌ಬರ್ಗಿನ ಓದುಗ ಅದೇ ಓಣಿಯಲ್ಲಿ ನಡೆದುಕೊಂಡು ಹೋಗಿ ಕೆಲಸಕ್ಕೆ ಸೇರುತ್ತಿದ್ದ. ಬರೆದವರೇ ಹೆಂಡತಿಗೆ ಜಾಗಗಳನ್ನು ತೋರಿಸಿದ್ದಾರೆ. ಮದುವೆಯಾದ ಹೊಸದರಲ್ಲಿ ತಿರುಗಾಡಲು ಹೋದಾಗ ಒಂದು ಮನೆಯ ಅಂಗಳಕ್ಕೆ ಕರೆದುಕೊಂಡು ಹೋಗಿ, ರಸ್ಕೋಲ್ನಿಕೋವ್ ಕದ್ದ ಒಡವೆ ಬಚ್ಚಿಟ್ಟದ್ದು ಈ ಕಲ್ಲಿನ ಕೆಳಗೆ ಅಂದರಂತೆ. ಅನ್ನಾ ಬರೆದಿಟ್ಟಿರುವುದು ಅದು. ಇಲ್ಲದ ಒಡವೆ, ಇರುವ ಕಲ್ಲು. ಕಲ್ಪನೆಯ ಮನುಷ್ಯನನ್ನು ನಿಜವಾದ ನೆಲದ ಮೇಲೆ ನಡೆಸದೆ ಅವರಿಗೆ ಬರೆಯಲು ಆಗುತ್ತಿರಲಿಲ್ಲ ಅಂತ ನನಗನಿಸುತ್ತದೆ.

ತಲೆಯಲ್ಲಿರುವ ಊರು ಅಳಿಸಿಹೋಗುತ್ತದಾ? ನನಗೆ ಹಾಗೆ ಆಗಲಿಲ್ಲ. ಈಗ ಓದುವಾಗ ಎರಡೂ ಇರುತ್ತವೆ. ಅಟ್ಟ ನಾನು ಮೊದಲು ಕಂಡದ್ದೇ, ಅದಕ್ಕೆ ನಮ್ಮ ಧಾರವಾಡದ ಮನೆಯ ಅಟ್ಟದ ತೊಲೆಗಳೇ ಇವೆ. ಮೆಟ್ಟಿಲಿಳಿದು ಹೊರಗೆ ಬಂದ ಮೇಲೆ ಮಾತ್ರ ಬೀದಿ ಸ್ತೋಲ್ಯಾರ್ನಿ.

ಮೇಡಂ, ಇನ್ನೆರಡು ಸೇರಿಸುತ್ತೇನೆ. ಸಮಯ ಇದ್ದರೆ ಕುಜ್ನೆಚ್ನಿ ಓಣಿಯ 5ನೇ ನಂಬರಿಗೆ ಹೋಗಿ. ದಾಸ್ತೋವ್‌ಸ್ಕಿ ಕೊನೆಯವರೆಗೆ ಇದ್ದ ಮನೆ, 1971ರಿಂದ ಮ್ಯೂಸಿಯಂ. ಅವರ ಟೋಪಿ ಇದೆ, ಸತ್ತ ಹೊತ್ತಿಗೆ ನಿಲ್ಲಿಸಿದ ಗಡಿಯಾರ ಇದೆ. ಒಂದು ತಂಬಾಕು ಪೆಟ್ಟಿಗೆ ಇದೆ, ಅದರ ಮೇಲೆ ಚಿಕ್ಕ ಮಗಳು ಅಪ್ಪ ತೀರಿಕೊಂಡ ತಾರೀಖು ಬರೆದಿದ್ದಾಳೆ. ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಇನ್ನೊಂದು, ಬ್ಲಗೊವೆಷ್ಚೆನ್‌ಸ್ಕಿ ಸೇತುವೆ. ಆಗಿನ ಹೆಸರು ನಿಕೊಲಾಯೆವ್‌ಸ್ಕಿ. ಭಿಕ್ಷೆಯಾಗಿ ಸಿಕ್ಕ 20 ಕೊಪೆಕ್ ನಾಣ್ಯವನ್ನು ಅವನು ನೀರಿಗೆ ಎಸೆಯುವುದು ಅಲ್ಲಿ. ಮಗಳ ಹಾಸ್ಟೆಲ್ ವಸೀಲ್ಯೆವ್‌ಸ್ಕಿ ದ್ವೀಪದಲ್ಲಿದ್ದರೆ ಅವಳು ದಿನಾ ಬಸ್ಸಿನಲ್ಲಿ ಅದೇ ಸೇತುವೆ ದಾಟುತ್ತಿರಬಹುದು.

ಸಾಗರದ ಟೀಚರ್ (ಜುಲೈ 16)

ಎಲ್ಲರಿಗೂ ಧನ್ಯವಾದ. ಊರಿಗೆ ಬಂದು ನಾಲ್ಕು ದಿನ ಆಯಿತು. ಇಲ್ಲಿ ಮಳೆ ಬಿಟ್ಟಿಲ್ಲ. ಹೋಗಿ ಬಂದದ್ದನ್ನು ಹೇಳಲೇಬೇಕು, ನಿಮ್ಮಿಂದಲೇ ಆದದ್ದು.

ನಾನು ಹೋದಾಗ ಸೆಕೆ ಇರಲಿಲ್ಲ. ಎರಡು ದಿನ ಸ್ವೆಟರ್ ಹಾಕಿಕೊಂಡಿದ್ದೆ. ಬೇಜಾರಾಗಿತ್ತು. ಆಮೇಲೆ ನೆನಪಾಯಿತು, ಆಗ ರಷ್ಯಾದಲ್ಲಿ ಹಳೇ ಕ್ಯಾಲೆಂಡರ್, ನಮಗಿಂತ 12 ದಿನ ಹಿಂದೆ. ಕಾದಂಬರಿಯ ಜುಲೈ ಮೊದಲ ವಾರ ಅಂದರೆ ಈಗಿನ ಜುಲೈ ನಡುವೆ. ಹೊರಡುವ ಹಿಂದಿನ ದಿನ ನಿಜವಾದ ಬಿಸಿಲು ಬಂತು. ಅಂದೇ ಸಂಜೆ ಇಬ್ಬರೂ ಹೋದೆವು.

ಸೆನ್ನಾಯಾ ಮಾರ್ಕೆಟ್ಟಿನಲ್ಲಿ ಒಬ್ಬ ಅಜ್ಜಿ ಉಪ್ಪುನೀರಿನಲ್ಲಿ ಹಾಕಿದ ಸೌತೆಕಾಯಿ ಮಾರುತ್ತಿದ್ದರು. ಬಕೆಟ್ಟಿನಷ್ಟು ದೊಡ್ಡ ಭರಣಿ, ಒಳಗೆ ಇಡೀ ಬೆಳ್ಳುಳ್ಳಿ, ಸಬ್ಬಸಿಗೆ ಹೂವಿನ ತೆನೆ. ಒಂದು ಕತ್ತರಿಸಿ ಕೈಗೆ ಕೊಟ್ಟು ತಿಂದು ನೋಡು ಅಂದರು. ನಮ್ಮ ಮಿಡಿ ಉಪ್ಪಿನಕಾಯಿಯ ಉಪ್ಪುನೀರಿನದೇ ವಾಸನೆ, ಖಾರ ಮಾತ್ರ ಇಲ್ಲ. ಅರ್ಧ ಕಿಲೋ ತಗೊಂಡೆ. ಆ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಪೂರ್ತಿ ದಾರಿ ನಡೆದದ್ದು.

ಲೈನ್ ಬಜಾರ್ ಅವರು ಹೇಳಿದ ಹಾಗೆ ಚೌಕದಲ್ಲಿ ನಿಂತೆವು. ಐದು ನಿಮಿಷ ಅಂದಿದ್ದರು, ನಾನು ಎರಡೇ ನಿಮಿಷ ನಿಂತೆ. ಜಾಸ್ತಿ ನಿಲ್ಲಲು ಆಗಲಿಲ್ಲ. ಒಬ್ಬ ಹುಡುಗ ಬೆನ್ನಿಗೆ ದೊಡ್ಡ ಡೆಲಿವರಿ ಚೀಲ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ನೆಲ ನೋಡುತ್ತಿದ್ದ. ಹತ್ತೊಂಬತ್ತು ಇಪ್ಪತ್ತು ವಯಸ್ಸಿರಬಹುದು. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ನನ್ನ ಎಷ್ಟೋ ವಿದ್ಯಾರ್ಥಿಗಳು ಈಗ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಾರೆ, ಅಟ್ಟದಂಥ ಪಿ.ಜಿ. ಕೋಣೆಗಳಲ್ಲಿ ಇರುತ್ತಾರೆ. ಬಾಡಿಗೆ ಕಟ್ಟದೆ ಓನರ್ ಕಣ್ಣು ತಪ್ಪಿಸಿ ಮೆಟ್ಟಿಲಿಳಿಯುವುದು ಅವರಿಗೂ ಗೊತ್ತು.

19ನೇ ನಂಬರಿನ ಮೂಲೆಯಿಂದ ಎಣಿಸಲು ಶುರು ಮಾಡಿದೆವು. ಮಗಳಿಗೆ 1,164 ಬಂತು, ನನಗೆ 1,420. ಒಂದೇ ದಾರಿ, ಒಟ್ಟಿಗೇ ನಡೆದದ್ದು. ವೊಜ್ನೆಸೆನ್‌ಸ್ಕಿ ಸೇತುವೆ ಹತ್ತಿರ ಮಗಳು ಏನೋ ಕೇಳಲು ಬಾಯಿ ತೆರೆದಳು, ನಾನು ಕೈ ಎತ್ತಿ ಸುಮ್ಮನಿರಿಸಿದೆ. ಎಣಿಕೆ ತಪ್ಪುತ್ತದೆ ಅಂತ. ಇಡೀ ದಾರಿಯಲ್ಲಿ ಒಂದೇ ಒಂದು ಮನೆಯ ಬಣ್ಣವೂ ನನಗೆ ನೆನಪಿಲ್ಲ. ಲೈನ್ ಬಜಾರ್ ಅವರೇ, ನೀವು ಹೇಳಿದ್ದು ನಿಜ. ಎಣಿಸುವವನಿಗೆ ಬೀದಿ ಕಾಣುವುದಿಲ್ಲ.

104ರ ಗೇಟು ಮುಚ್ಚಿತ್ತು. ಎದುರಿಗೆ ಕಾಲುವೆಯ ಕಬ್ಬಿಣದ ಕಟಾಂಜನಕ್ಕೆ ಒರಗಿ ಮಂಡಿಗೆ ಆರಾಮ ಕೊಡುತ್ತಿದ್ದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದರು, ಸುಮಾರು ನನ್ನದೇ ವಯಸ್ಸು, ಎಳೆದುಕೊಂಡು ಹೋಗುವ ಚಕ್ರದ ಚೀಲ, ಅದರಲ್ಲಿ ಈರುಳ್ಳಿ ಸೊಪ್ಪು ಹೊರಗೆ ಇಣುಕುತ್ತಿತ್ತು. ಗೇಟು ತೆಗೆದು, ನನ್ನ ಸೀರೆ ನೋಡಿ, ಮಗಳ ಹತ್ತಿರ ಏನೋ ಕೇಳಿದರು. 'ಅಮ್ಮ ಏನಾಗಿದ್ದರು ಅಂತ ಕೇಳುತ್ತಿದ್ದಾರೆ' ಅಂದಳು ಮಗಳು. ಟೀಚರ್ ಅಂದೆ. ಅವರು ಗೇಟನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತರು. ಒಳಗೆ ಬನ್ನಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. 'ಓದುಗ ಮಾತ್ರ' ಅವರ ಮಾತು ನೆನಪಾಯಿತು. ನಾನು ಕೈ ಮುಗಿದೆ, ಒಳಗೆ ಹೋಗಲಿಲ್ಲ. ಕಮಾನಿನ ಆಚೆ ಕಂಡದ್ದು ಇಷ್ಟೇ: ಹಳದಿ ಗೋಡೆ, ಗೋಡೆಗೆ ಒರಗಿಸಿದ ಮಕ್ಕಳ ಸೈಕಲ್ಲು, ಎಲ್ಲೋ ಮೇಲಿನಿಂದ ಈರುಳ್ಳಿ ಹುರಿಯುವ ವಾಸನೆ. ಗೇಟು ಮುಚ್ಚಿಕೊಂಡಿತು.

ನನ್ನ ತಲೆಯಲ್ಲಿದ್ದ ಊರು ಅಳಿಸಿಹೋಗಿಲ್ಲ, ಆದರೆ ಚಿಕ್ಕದಾಗಿದೆ. ಇಷ್ಟು ವರ್ಷ ಅವನು ದೂರ ದೂರ ನಡೆಯುತ್ತಿದ್ದಾನೆ ಅಂದುಕೊಂಡಿದ್ದೆ. ಅವನು ಕಟ್ಟಿಹಾಕಿದ ದನ ಗೂಟದ ಸುತ್ತ ಸುತ್ತಿದ ಹಾಗೆ ಸುತ್ತುತ್ತಿದ್ದ. ಮುದುಕಿಯ ಜೊತೆಗೇ ಅವನ ಕೈಯಲ್ಲಿ ಸತ್ತ ಅವಳ ಮಲತಂಗಿ ಲಿಜವೆಟಾಳಂಥ ಬಡ ಹೆಂಗಸೂ ಅವನಿಗೆ ದಿನಾ ಬೀದಿಯಲ್ಲಿ ಎದುರಾಗುವವಳೇ ಆಗಿದ್ದಿರಬೇಕು. ಅವನ ಅಂಗಿಯನ್ನು ಅವಳು ಹೊಲಿದುಕೊಟ್ಟಿದ್ದಳು ಅಂತ ಬರುತ್ತದೆ. ಆ ಸಾಲನ್ನು ಹಿಂದೆ ಮೂರು ಸಲವೂ ದಾಟಿಕೊಂಡು ಹೋಗಿದ್ದೆ.

ಮಗಳ ಹಾಸ್ಟೆಲ್ ವಸೀಲ್ಯೆವ್‌ಸ್ಕಿ ದ್ವೀಪದಲ್ಲೇ. ವಾಪಸ್ ಹೋಗುವಾಗ ಆ ಸೇತುವೆ ಮೇಲೆ ಬಸ್ಸಿನಿಂದ ಇಳಿದು ನಿಂತು ಇಸಾಕ್ ಚರ್ಚಿನ ಬಂಗಾರದ ಗುಮ್ಮಟ ನೋಡಿದೆವು. ಹತ್ತು ಗಂಟೆಯ ಬೆಳಕು. ನಾಲ್ಕು ವರ್ಷದಿಂದ ದಿನಾ ದಾಟುತ್ತೇನೆ, ಒಂದು ದಿನವೂ ನಿಂತಿರಲಿಲ್ಲ ಅಂದಳು. ಕನ್ನಡ ಪುಸ್ತಕ ಅವಳ ಹತ್ತಿರವೇ ಬಿಟ್ಟು ಬಂದೆ. ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಲಿಜವೆಟಾ ಬೇಗ ಮನೆಗೆ ವಾಪಸ್ ಬರುವ ಪುಟದಲ್ಲಿದ್ದಾಳೆ. 'ಮುಂದೆ ಏನಾಗುತ್ತೆ ಅಂತ ಹೇಳಬೇಡ ಅಮ್ಮಾ' ಅಂದಳು. ಹೇಳಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ, ಆಚೆ ಕಡೆಯಿಂದ ಹಾಳೆ ತಿರುಗಿಸುವ ಸದ್ದು ಮಾತ್ರ ಕೇಳುತ್ತಿತ್ತು.